ರಾಹುಲ್ ಬರ್ತಾನೋ, ಇಲ್ಲೋ?

ಬ್ಯಾಡಗಿಯಿಂದ ಹಾವೇರಿಗೆ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಬರುವ ನಮ್ಮಂಥವರಿಗೆ ಬೆಳಿಗ್ಗೆ ಕೂರಲು ಸೀಟು ಸಿಗುವುದಿಲ್ಲ. ವಾದ ಮಾಡಲು ವಿಷಯ ಮಾತ್ರ ತಪ್ಪದೇ ಸಿಗುತ್ತದೆ. ಈ ನವೆಂಬರ್‌ನಲ್ಲಿ ಸಿಕ್ಕ ವಿಷಯ ಸಂಜು ಸ್ಯಾಮ್ಸನ್. ರಾಜಸ್ಥಾನ ರಾಯಲ್ಸ್ ತಂಡದ ನಾಯಕನಿಗೆ ಅಲ್ಲಿರಲು ಮನಸ್ಸಿಲ್ಲವಂತೆ, ಚೆನ್ನೈಗೆ ಹೋಗುತ್ತಾನಂತೆ, ಅವನ ಬದಲಿಗೆ ಚೆನ್ನೈನವರು ಜಡೇಜಾನನ್ನೇ ಕೊಡುತ್ತಾರಂತೆ. ಬಸ್ಸು ಮೋಟೆಬೆನ್ನೂರು ಮುಟ್ಟುವಷ್ಟರಲ್ಲಿ ಪ್ರಥಮ ಪಿಯುಸಿಯ ಹುಡುಗರು ಎರಡು ಪಕ್ಷವಾಗಿರುತ್ತಿದ್ದರು. ನವೆಂಬರ್ 15ರಂದು ಸುದ್ದಿ ಖಚಿತವಾಯಿತು. ಸ್ಯಾಮ್ಸನ್ ಚೆನ್ನೈಗೆ, ರವೀಂದ್ರ ಜಡೇಜಾ ಮತ್ತು ಸ್ಯಾಮ್ ಕರನ್ ರಾಜಸ್ಥಾನಕ್ಕೆ.

ಸೋಮವಾರ ಬಸ್ ಹತ್ತಿದ ಕೂಡಲೇ ಹುಡುಗರು ನನ್ನನ್ನು ಹಿಡಿದುಕೊಂಡರು. "ಅಣ್ಣಾ, ನೀನರ ಹೇಳು. ಯಾರಿಗೆ ಲಾಭ ಆತು?"

ನಾನು ನಕ್ಕು ಸುಮ್ಮನಾದೆ. ಉತ್ತರ ಗೊತ್ತಿರಲಿಲ್ಲ ಅಂತಲ್ಲ. ಒಂದು ವರ್ಷದ ಹಿಂದೆ ಇದೇ ಬಸ್ಸಿನಲ್ಲಿ ಇಂಥದ್ದೇ ಪ್ರಶ್ನೆಗೆ ಎಲ್ಲರಿಗಿಂತ ಜೋರಾಗಿ ಉತ್ತರ ಕೊಡುತ್ತಿದ್ದವನು ನಾನು. ಆಮೇಲೆ ನಡೆದದ್ದನ್ನು ಕಂಬಿ ಹಿಡಿದು ನಿಂತು ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2024ರ ಮೇ 8ರ ರಾತ್ರಿಯಿಂದ ಶುರು ಮಾಡಬೇಕು. ಮರುದಿನ ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶ. ಹೆದರಿಕೆ ಮರೆಯಲು ಟಿ.ವಿ. ಮುಂದೆ ಕೂತಿದ್ದೆ. ಹೈದರಾಬಾದಿನಲ್ಲಿ ಲಖನೌ ಸೂಪರ್ ಜೈಂಟ್ಸ್ ಮತ್ತು ಸನ್‌ರೈಸರ್ಸ್ ಪಂದ್ಯ ನಡೆದಿತ್ತು. ಲಖನೌ 20 ಓವರಿನಲ್ಲಿ 165 ರನ್ ಮಾಡಿತು. ಟ್ರಾವಿಸ್ ಹೆಡ್ ಮತ್ತು ಅಭಿಷೇಕ್ ಶರ್ಮಾ ಒಂದೂ ವಿಕೆಟ್ ಕಳೆದುಕೊಳ್ಳದೆ 9.4 ಓವರಿನಲ್ಲಿ ಅದನ್ನು ಮುಗಿಸಿಬಿಟ್ಟರು. ಲಖನೌ ನಾಯಕ ನಮ್ಮ ಕೆ.ಎಲ್. ರಾಹುಲ್ 33 ಎಸೆತಗಳಲ್ಲಿ 29 ರನ್ ಮಾಡಿದ್ದರು. ಪಂದ್ಯ ಮುಗಿದ ಮೇಲೆ ತಂಡದ ಮಾಲೀಕರು ರಾಹುಲ್ ಎದುರು ನಿಂತು ಕೈ ಬೀಸಿ ಬೀಸಿ ಮಾತಾಡುತ್ತಿದ್ದುದು ಕ್ಯಾಮೆರಾದಲ್ಲಿ ಕಂಡಿತು. ಏನು ಮಾತಾಡಿದರೋ ನಮಗೆ ಕೇಳಿಸಲಿಲ್ಲ. ಆದರೆ ದೇಶವೆಲ್ಲ ನೋಡಿತು. ಕೆಲವು ದಿನ ಬಿಟ್ಟು ಮಾಲೀಕರು ರಾಹುಲ್‌ರನ್ನು ಊಟಕ್ಕೆ ಕರೆದ ಫೋಟೋ ಬಂತು. ಜನರ ಕಣ್ಣಿನಲ್ಲಿ ಉಳಿದದ್ದು ಊಟದ ಫೋಟೋ ಅಲ್ಲ, ಮೈದಾನದ ಆ ದೃಶ್ಯ.

ಮರುದಿನ ಗುರುವಾರ. ಬ್ಯಾಡಗಿಯಲ್ಲಿ ಗುರುವಾರ ಎಂದರೆ ಮೆಣಸಿನಕಾಯಿ ಮಾರುಕಟ್ಟೆಯ ದಿನ. ನನ್ನ ಅಬ್ಬಾ ಎಪಿಎಂಸಿಯಲ್ಲಿ ಹಮಾಲರು. ಫಲಿತಾಂಶ ನೋಡಿಕೊಂಡು ಅವರನ್ನು ಹುಡುಕುತ್ತಾ ಯಾರ್ಡಿಗೆ ಹೋದೆ. ಪಾಸಾಗಿದ್ದೆ. ಆದರೆ ಗಣಿತದಲ್ಲಿ 41. ಮನೆಯಲ್ಲಿ ಎಲ್ಲರಿಗೂ ಎಂಬತ್ತು ಬರುತ್ತದೆ ಎಂದು ಹೇಳಿಕೊಂಡು ತಿರುಗಿದ್ದೆ. ಅಬ್ಬಾ ಅಂಗಡಿಯ ಮುಂದೆ ಚೀಲ ಹೊರುತ್ತಿದ್ದರು. ಸುತ್ತ ಹತ್ತು ಜನ ಹಮಾಲರು, ದಲಾಲರು, ರೈತರು. ಮೊಬೈಲ್ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. ಗಣಿತದ ಸಾಲಿನ ಮೇಲೆ ಅವರ ಬೆರಳು ನಿಂತದ್ದು ನನಗೆ ಕಂಡಿತು. ಅಷ್ಟರಲ್ಲಿ ಅಂಗಡಿಯವರು, "ಏನಾತು ಮಗಂದು?" ಎಂದು ಕೇಳಿದರು. ಅಬ್ಬಾ ನನ್ನ ಹೆಗಲ ಮೇಲೆ ಕೈಯಿಟ್ಟು, "ಪಾಸಾಗ್ಯಾನ್ರೀ ಸಾವಕಾರ್ರ, ಎಲ್ಲಾರೂ ಚಹಾ ಕುಡೀರಿ" ಎಂದರು. ಗಣಿತದ ಮಾತು ಬಂದದ್ದು ರಾತ್ರಿ ಊಟವಾದ ಮೇಲೆ, ಅಮ್ಮಿ ಪಾತ್ರೆ ತೊಳೆಯಲು ಒಳಗೆ ಹೋದಾಗ, ನಾವಿಬ್ಬರೇ ಇದ್ದಾಗ. ಅಂದು ನನಗೆ ಬೈಗುಳ ತಪ್ಪಿತು ಎಂದು ಖುಷಿಯಾಯಿತೇ ಹೊರತು ಅಬ್ಬಾ ಮಾಡಿದ್ದು ಏನು ಎಂದು ತಿಳಿಯಲಿಲ್ಲ.

ಜೂನ್‌ನಲ್ಲಿ ಈ ಕಾಲೇಜಿಗೆ ಸೇರಿದೆ. ಬಸ್ಸಿನ ಪಾಸು ಬಂತು, ಬಸ್ಸಿನ ಗೆಳೆಯರೂ ಬಂದರು. ಆ ಮಳೆಗಾಲವಿಡೀ ನಮಗೆ ಇದ್ದದ್ದು ಒಂದೇ ಪ್ರಶ್ನೆ. ರಾಹುಲ್ ಆರ್‌ಸಿಬಿಗೆ ಬರ್ತಾನೋ, ಇಲ್ಲೋ?

ಬಸ್ಸಿನಲ್ಲಿ ಮೂರು ಪಕ್ಷಗಳಿದ್ದವು. ಮೊದಲನೆಯದು ನಮ್ಮವನು ಪಕ್ಷ. "ಅಂವ ಬೆಂಗಳೂರಾಗ ಹುಟ್ಯಾನ, ಮಂಗಳೂರಾಗ ಬೆಳದಾನ. ಲಖನೌದಾಗ ಅಂವಗೇನು ಕೆಲಸ? ಮನೀಗೆ ಬರಲಿ." ಇವರ ಹತ್ತಿರ ಹಳೆಯ ಲೆಕ್ಕವೂ ಇತ್ತು. 2016ರಲ್ಲಿ ರಾಹುಲ್ ಆರ್‌ಸಿಬಿಯಲ್ಲೇ ಇದ್ದರು, 397 ರನ್ ಮಾಡಿದರು, ಆ ವರ್ಷ ನಾವು ಫೈನಲ್‌ವರೆಗೆ ಹೋಗಿ ಬರೀ 8 ರನ್ನಿನಿಂದ ಸೋತೆವು. 2018ರ ಹರಾಜಿನಲ್ಲಿ ಪಂಜಾಬ್‌ನವರು 11 ಕೋಟಿ ಕೊಟ್ಟು ಒಯ್ದರು. "ಅವತ್ತ ಬಿಟ್ಟಿದ್ದ ತಪ್ಪು" ಎನ್ನುವುದು ಇವರ ಕೊನೆಯ ಮಾತು.

ಎರಡನೆಯದು ಸ್ಟ್ರೈಕ್ ರೇಟ್ ಪಕ್ಷ. "ನಮ್ಮಂವ ಅಂದ್ರ ರನ್ ತಾವಾಗೇ ಕೂಡತಾವೇನು? ಪವರ್‌ಪ್ಲೇದಾಗ ತಟ್ಟಿಕೋತ ನಿಂದ್ರತಾನ. ನಮಗ ಹೊಡ್ಯಾಂವ ಬೇಕು."

ಮೂರನೆಯವರು ವ್ಯಾಪಾರಿಗಳು. ನಾವು ವಾಣಿಜ್ಯ ವಿಭಾಗದವರು ಬಹುತೇಕ ಈ ಪಕ್ಷದಲ್ಲೇ ಇದ್ದೆವು. ಯಾರನ್ನು ಕೊಟ್ಟು ಯಾರನ್ನು ತರಬೇಕು, ಮೇಲೆ ಎಷ್ಟು ಕೋಟಿ ಕೊಡಬೇಕು ಎಂಬುದೇ ನಮ್ಮ ಚಿಂತೆ. ಅದರ ಹಿಂದಿನ ವರ್ಷವಷ್ಟೇ ಗುಜರಾತ್ ನಾಯಕ ಹಾರ್ದಿಕ್ ಪಾಂಡ್ಯ 15 ಕೋಟಿಗೆ ಮುಂಬೈಗೆ ಹೋಗಿದ್ದರು, ಮುಂಬೈನ ಕ್ಯಾಮರಾನ್ ಗ್ರೀನ್ 17.5 ಕೋಟಿಗೆ ಆರ್‌ಸಿಬಿಗೆ ಬಂದಿದ್ದರು. "ಗ್ರೀನ್‌ನ ಕೊಡ್ರಿ, ರಾಹುಲ್‌ನ ತರ್ರಿ" ಎಂದು ಒಬ್ಬ. "ಮ್ಯಾಕ್ಸ್‌ವೆಲ್‌ನೂ ಕೊಡ್ರಿ, ಮ್ಯಾಲೊಂದು ಚಹಾ ಕುಡಿಸ್ರಿ" ಎಂದು ಇನ್ನೊಬ್ಬ. ಕಂಡಕ್ಟರ್ ಕೂಡ ಟಿಕೆಟ್ ಹರಿಯುತ್ತಾ ಒಂದು ಹೆಸರು ಹೇಳಿ ಮುಂದೆ ಹೋಗುತ್ತಿದ್ದರು.

ನನ್ನ ಪಾಲಿಗೆ ಒಂದು ಭಾಷಣವಿತ್ತು. "ಎಲ್ಲಾರ ಮುಂದ ಹಂಗ ಮಾತಾಡಿಸಿದ್ರ ಯಾರ್ ಇರತಾರಲೇ? ಸೋಲೂದು ಗೆಲ್ಲೂದು ಆಟದಾಗ ಇರೂದ. ತಪ್ಪಿದ್ರ ಒಳಗ ಕರದು ಹೇಳಬೇಕು. ಮನಶ್ಯಾಂಗ ಮರ್ಯಾದಿ ಅಂತ ಒಂದಿರತೈತಿ." ಇದನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಬಾಯಿ ತೆರೆದರೆ ಸಾಕು, ಹಿಂದಿನ ಸೀಟಿನವರು ಉಳಿದದ್ದನ್ನು ತಾವೇ ಮುಗಿಸುತ್ತಿದ್ದರು.

ಒಂದು ದಿನ ಮುಂದಿನ ಸೀಟಿನಲ್ಲಿದ್ದ ವಿಜ್ಞಾನ ವಿಭಾಗದ ಹುಡುಗಿಯೊಬ್ಬಳು ಪುಸ್ತಕ ಮಡಚಿ ಹಿಂದೆ ತಿರುಗಿದಳು. "ಅಲ್ರೋ, ಎರಡು ತಿಂಗಳಾತು ಕೇಳಾಕತ್ತೇನಿ. ಕೊಡೂದು, ತರೂದು, ಬಿಡೂದು. ರಾಹುಲ್‌ಗ ಎಲ್ಲಿರಬೇಕಂತ ಐತಿ ಅಂತ ಯಾರರ ಒಬ್ಬರು ಕೇಳೀರೇನು?" ಎಂದಳು. ಬಸ್ಸೆಲ್ಲ ನಕ್ಕಿತು. "ನೀ ಫೋನ್ ಹಚ್ಚಿ ಕೇಳವಾ" ಎಂದು ಯಾರೋ ಅಂದರು. ನಾನೂ ನಕ್ಕೆ.

ಈ ವಿಷಯವನ್ನು ನಮ್ಮ ದೈಹಿಕ ಶಿಕ್ಷಣ ಸರ್ ಮುಂದೆಯೂ ತೆಗೆದಿದ್ದೆವು. ಐಪಿಎಲ್‌ನಲ್ಲಿ ಟ್ರೇಡ್ ಆಗಬೇಕಾದರೆ ಎರಡೂ ತಂಡಗಳು ಒಪ್ಪಬೇಕು, ಜೊತೆಗೆ ಆಟಗಾರನೂ ಒಪ್ಪಬೇಕು ಎಂದು ಅವರು ವಿವರಿಸಿದರು. ಆಟಗಾರ ತಾನೇ ಹೋಗಿ ಬೇರೆ ತಂಡದ ಜೊತೆ ಮಾತಾಡುವಂತಿಲ್ಲ. ಹಾಗೆ ಮಾಡಿದ್ದಕ್ಕೇ 2010ರಲ್ಲಿ ರಾಜಸ್ಥಾನದಲ್ಲಿದ್ದ ಜಡೇಜಾ ಒಂದು ಸೀಸನ್ ಪೂರ್ತಿ ಹೊರಗೆ ಕೂರಬೇಕಾಯಿತು. (ಅದೇ ಜಡೇಜಾ ಈಗ ಮತ್ತೆ ರಾಜಸ್ಥಾನಕ್ಕೇ ಬಂದಿದ್ದಾರೆ.) 2009ರಲ್ಲಿ ಮುಂಬೈನ ರಾಬಿನ್ ಉತ್ತಪ್ಪ ಬೆಂಗಳೂರಿಗೆ, ಬೆಂಗಳೂರಿನ ಜಹೀರ್ ಖಾನ್ ಮುಂಬೈಗೆ ಅದಲುಬದಲಾಗಿದ್ದನ್ನೂ ಸರ್ ನೆನಪಿಸಿದರು. ಅಮೆರಿಕದ ಫುಟ್‌ಬಾಲ್‌ನಲ್ಲಿ ಇನ್ನೂ ಕಠಿಣವಂತೆ. ಅಲ್ಲಿ ಒಪ್ಪಂದದಲ್ಲಿ ಮೊದಲೇ ಬರೆಸಿಕೊಂಡಿರದಿದ್ದರೆ ಆಟಗಾರನನ್ನು ಒಂದು ಮಾತೂ ಕೇಳದೆ ಬೇರೆ ಊರಿನ ತಂಡಕ್ಕೆ ಕಳಿಸಿಬಿಡಬಹುದು. "ನಮ್ಮಲ್ಲಿ ಕೊನೆಗೆ ಒಂದು ಸಹಿಯಾದರೂ ಅವನದ್ದಿರುತ್ತದೆ" ಎಂದರು ಸರ್. ನಾವು ಆ ಸಹಿಯ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ಅಕ್ಟೋಬರ್ 31ರಂದು ಪಟ್ಟಿ ಹೊರಬಿತ್ತು. ಲಖನೌ ಉಳಿಸಿಕೊಂಡವರಲ್ಲಿ ರಾಹುಲ್ ಹೆಸರಿರಲಿಲ್ಲ. ಟ್ರೇಡ್ ಮಾತು ಮುಗಿಯಿತು, ಹರಾಜಿನ ಮಾತು ಶುರುವಾಯಿತು. ಹರಾಜು ಸೌದಿಯ ಜೆದ್ದಾದಲ್ಲಿ, ನವೆಂಬರ್ 24, ಭಾನುವಾರ.

ಅದೇ ಭಾನುವಾರ ನಮ್ಮದೂ ಒಂದು ಪಂದ್ಯವಿತ್ತು.

ನಮ್ಮ ಓಣಿಯಲ್ಲಿ ಟೆನಿಸ್ ಬಾಲ್ ತಂಡವಿದೆ. ಆ ವರ್ಷ ನಾನೇ ನಾಯಕ. ನಮ್ಮ ತಂಡದ ಜೀವ ಎಂದರೆ ಒಬ್ಬ ಎಡಗೈ ಬೌಲರ್. ನಾನೂ ಅವನೂ ಒಂದನೇ ತರಗತಿಯಿಂದ ಒಂದೇ ಬೆಂಚು. ಹತ್ತನೇ ಆದ ಮೇಲೆ ಅವನು ಐಟಿಐ ಸೇರಿದ, ನಾನು ಇಲ್ಲಿಗೆ ಬಂದೆ. ಅವನ ಮಾಮುನ ಮನೆ ರಾಣೇಬೆನ್ನೂರು. ಟೂರ್ನಮೆಂಟ್ ಇದ್ದದ್ದೂ ಅಲ್ಲೇ. ಮಾಮು, ಮಾಮುನ ಮಕ್ಕಳು, ಆ ಓಣಿಯ ಹಿರಿಯರು ಎಲ್ಲ ಅವನ ಆಟ ನೋಡಲು ಬಂದು ಗಡಿಯ ಹತ್ತಿರ ಕೂತಿದ್ದರು.

ಕೊನೆಯ ಓವರ್. ಎದುರಿನವರಿಗೆ 9 ರನ್ ಬೇಕಿತ್ತು. ಚೆಂಡು ಅವನ ಕೈಗೆ ಕೊಟ್ಟೆ. ಅವನು, "ಈ ಓವರ್ ಬ್ಯಾರೇದವರಿಗೆ ಕೊಡೋ" ಎಂದ. "ಹುಚ್ಚೇನ್ಲೇ, ನೀನ ಹಾಕಬೇಕು" ಎಂದು ನಾನು ಕವರ್‌ಗೆ ಓಡಿದೆ. ಮೊದಲ ಎಸೆತ ವೈಡ್. ಎರಡನೆಯದೂ ವೈಡ್. ಆಮೇಲೆ ಒಂದು ರನ್. ಮುಂದಿನದು ಸೊಂಟದೆತ್ತರದ ಫುಲ್‌ಟಾಸ್. ಸಿಕ್ಸ್. ನಾಲ್ಕು ಎಸೆತ ಬಾಕಿ ಇರುವಾಗಲೇ ಸೋತೆವು.

ನಾನು ಪಿಚ್‌ವರೆಗೆ ಓಡಿ ಬಂದು ಎಲ್ಲರ ಮುಂದೆ ಕೂಗಿದೆ. "ಹಾಕಾಕ ಬರದಿದ್ರ ಮನ್ಯಾಗ ಇರಬೇಕಿತ್ತು! ನಿನ್ನಿಂದ ಸೋತ್ವಿ ಇವತ್ತ!" ಇನ್ನೂ ಎರಡು ಮಾತು ಆಡಿದೆ, ಕಾಲೇಜಿನ ಪತ್ರಿಕೆಯಲ್ಲಿ ಬರೆಯುವಂಥವಲ್ಲ. ಕೈ ಬೀಸಿದೆನೋ ಇಲ್ಲವೋ ನೆನಪಿಲ್ಲ. ಬೀಸಿರಬೇಕು. ಅವನು ನನ್ನ ಕಡೆ ನೋಡಲಿಲ್ಲ. ಮಾಮು ಕೂತಿದ್ದ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ, ಚೆಂಡನ್ನು ಅಂಪೈರ್ ಕೈಗೆ ಕೊಟ್ಟು ನಡೆದ.

ಬ್ಯಾಡಗಿ ಬಸ್ಸಿನಲ್ಲಿ ವಾಪಸ್ ಬರುವಾಗ ಒಂದೇ ಮೊಬೈಲಿಗೆ ಎಂಟು ತಲೆ. ಹರಾಜು ನಡೆದಿತ್ತು. ರಿಷಬ್ ಪಂತ್ 27 ಕೋಟಿಗೆ ಲಖನೌಗೆ ಹೋದರು. ಐಪಿಎಲ್‌ನಲ್ಲಿ ಅಲ್ಲಿಯವರೆಗೆ ಯಾರಿಗೂ ಅಷ್ಟು ಬಂದಿರಲಿಲ್ಲ. ರಾಹುಲ್ ಹೆಸರು ಬಂತು. ಆರ್‌ಸಿಬಿ ಕೈ ಎತ್ತಿದಾಗ ನಾವು ಕೂಗಿದ ಕೂಗಿಗೆ ಡ್ರೈವರ್ ಬ್ರೇಕ್ ಹಾಕಿದರು. ಸ್ವಲ್ಪ ಮುಂದೆ ಹೋಗಿ ಆರ್‌ಸಿಬಿ ಕೈ ಇಳಿಸಿತು. ಕೊನೆಗೆ ಡೆಲ್ಲಿ ಕ್ಯಾಪಿಟಲ್ಸ್, 14 ಕೋಟಿ. "ಬಿಟ್ರು ನೋಡ್ಲೇ ನಮ್ಮಂವನ್ನ" ಎಂದು ಎಲ್ಲರೂ ಬೈಯತೊಡಗಿದರು. ನಾನು ಎಂದಿನಂತೆ ಮರ್ಯಾದೆಯ ಭಾಷಣ ಶುರು ಮಾಡಿದೆ. ಹಿಂದೆ ಕೊನೆಯ ಸೀಟಿನಲ್ಲಿ ನನ್ನ ಗೆಳೆಯ ಒಬ್ಬನೇ ಕಿಟಕಿ ಕಡೆ ಮುಖ ಮಾಡಿ, ಎಡಗೈಯನ್ನು ಜೇಬಿನಲ್ಲಿಟ್ಟು ಕೂತಿದ್ದ. ಸಿಟ್ಟು ಮಾಡಿಕೊಂಡಿದ್ದಾನೆ, ನಾಳೆ ಸರಿಹೋಗುತ್ತಾನೆ ಎಂದುಕೊಂಡೆ.

ನಾಳೆ ಸರಿಹೋಗಲಿಲ್ಲ. ಮುಂದಿನ ಎರಡು ಭಾನುವಾರ ಅವನು ಮೈದಾನಕ್ಕೆ ಬರಲಿಲ್ಲ. ಡಿಸೆಂಬರ್‌ನಲ್ಲಿ ಸುದ್ದಿ ಬಂತು. ಅವನು ಇನ್ನು ಮಾಮುನ ಓಣಿಯ ತಂಡಕ್ಕೆ ಆಡುತ್ತಾನಂತೆ.

ಅಂದು ಸಂಜೆ ಕಟ್ಟೆಯ ಮೇಲೆ ಸಭೆ. ಈಗ ನೆನೆಸಿಕೊಂಡರೆ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ. ಬಸ್ಸಿನ ಮೂರು ಪಕ್ಷಗಳೇ ಅಲ್ಲೂ ಇದ್ದವು. "ಅಂವ ನಮ್ಮ ಓಣಿ ಹುಡುಗ, ಹೆಂಗ ಹೋಗತಾನ?" ಎಂದು ಒಬ್ಬ. "ಹೋಗಲಿ ಬಿಡ್ರಿ, ಅಂವಗ ಈಗ ಮೊದಲಿನ ಸ್ಪೀಡ್ ಇಲ್ಲ" ಎಂದು ಇನ್ನೊಬ್ಬ. ಮತ್ತೊಬ್ಬ, "ಸುಮ್ಮನ ಯಾಕ ಬಿಡೂದು? ಅವರ ಕೀಪರ್‌ನ ಕೇಳೂಣು" ಎಂದ. "ಕೀಪರ್ ಕೊಡದಿದ್ರ ಒಂದು ಹೊಸ ಬ್ಯಾಟರ ಕೊಡಲಿ" ಎಂದು ಚಿಕ್ಕವನೊಬ್ಬ. ನಾನು ನಾಯಕನ ಗತ್ತಿನಲ್ಲಿ, "ಕೀಪರ್ ಸಾಲಾಂಗಿಲ್ಲ, ಒಬ್ಬ ಬೌಲರ್ರೂ ಬೇಕು" ಎಂದೆ. ಒಂದು ತಾಸು ಮಾತಾಡಿದೆವು. ಅವನ ಮನೆ ಆ ಕಟ್ಟೆಯಿಂದ ನಾಲ್ಕನೆಯದು. ಎದ್ದು ಹೋಗಿ ಬಾಗಿಲು ತಟ್ಟಿ, "ಏನಾತೋ ನಿನಗ?" ಎಂದು ಕೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಬ್ಬಾನಿಗೆ ಹೇಳಿದೆ. ಅವರು ಹೇಳಿದ್ದು ನಮ್ಮ ಮನೆಯ ಉರ್ದುವಿನಲ್ಲಿ. ಅದನ್ನು ಕನ್ನಡದಲ್ಲಿ ಬರೆಯುತ್ತೇನೆ. "ನೀನು ಸಣ್ಣವನಿದ್ದಾಗಿನಿಂದ ಯಾರ್ಡಿಗೆ ಬರುತ್ತೀಯ. ಟೆಂಡರ್ ನೋಡಿದ್ದೀಯ. ಖರೀದಿದಾರರು ಬರುತ್ತಾರೆ, ಕಾಯಿ ಮುರಿದು ಬಣ್ಣ ನೋಡುತ್ತಾರೆ, ಹಸಿ ಐತೋ ಒಣಗೈತೋ ಅಂತ ಹಿಚುಕುತ್ತಾರೆ, ದರ ಬರೆಯುತ್ತಾರೆ. ಯಾರು ಎಷ್ಟೇ ಬರೆಯಲಿ, ಆ ದರ ಮನಸ್ಸಿಗೆ ಬರದಿದ್ದರೆ ರೈತ ಒಲ್ಲೆ ಎನ್ನಬಹುದು. ಒಲ್ಲೆ ಎಂದರೆ ಆ ಚೀಲ ಕೋಲ್ಡ್ ಸ್ಟೋರೇಜಿಗೆ ಹೋಗುತ್ತದೆ, ನಾನೇ ಹೊತ್ತು ಹಾಕುತ್ತೇನೆ. ಮೆಣಸಿನಕಾಯಿ ಚೀಲಕ್ಕೇ ಒಬ್ಬ ಕೇಳುವವನಿದ್ದಾನೆ. ನೀವು ಆ ಹುಡುಗನಿಗೆ ದರ ಕಟ್ಟಿದಿರಿ. ಅವನನ್ನು ಕೇಳಿದಿರಾ?"

ಬಸ್ಸಿನಲ್ಲಿ ಆ ಹುಡುಗಿ ಕೇಳಿದ್ದ ಮಾತೇ. ಈ ಸಲ ನನಗೆ ನಗು ಬರಲಿಲ್ಲ. ಆದರೂ ಹೋಗಿ ಮಾತಾಡುವ ಧೈರ್ಯ ಬರಲಿಲ್ಲ. ಧೈರ್ಯ ಎನ್ನುವುದಕ್ಕಿಂತ, ಅಹಂಕಾರ ಬಿಡಲಿಲ್ಲ ಎನ್ನಬೇಕು.

ಜನವರಿಯಲ್ಲಿ ಕರುಣ್ ನಾಯರ್ ಸುದ್ದಿ ದಿನಾ ಬರತೊಡಗಿತು. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ರನ್ ಮಾಡಿದ ನಮ್ಮ ಕರುಣ್. ಅದೇ ಪಂದ್ಯದಲ್ಲಿ ರಾಹುಲ್ 199ಕ್ಕೆ ಔಟಾಗಿದ್ದರು. ಕರ್ನಾಟಕ ತಂಡದಲ್ಲಿ ಸ್ಥಾನ ಕಳೆದುಕೊಂಡ ಕರುಣ್ 2023ರಲ್ಲಿ ವಿದರ್ಭಕ್ಕೆ ಹೋದರು. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕ, ಒಟ್ಟು 779 ರನ್. ಫೈನಲ್‌ನಲ್ಲಿ ವಿದರ್ಭದ ಎದುರಾಳಿ ಯಾರು? ಕರ್ನಾಟಕ. ಜನವರಿ 18ರಂದು ನಾವು 36 ರನ್ನಿನಿಂದ ಗೆದ್ದೆವು. ಕರುಣ್ 27ಕ್ಕೆ ಔಟಾದಾಗ ಟಿ.ವಿ. ಮುಂದಿದ್ದ ನನಗೆ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ಎದುರು ತಂಡದಲ್ಲಿ ನಮ್ಮವನನ್ನು ನೋಡುವುದು ಏನೆಂದು ಅಂದು ಗೊತ್ತಾಯಿತು. ಆಮೇಲೆ ವಿದರ್ಭ ರಣಜಿ ಟ್ರೋಫಿ ಗೆದ್ದಿತು, ಫೈನಲ್‌ನಲ್ಲಿ ಕರುಣ್ 86 ಮತ್ತು 135 ರನ್ ಮಾಡಿದರು.

ಮತ್ತೆ 2025ರ ಏಪ್ರಿಲ್ 10. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಆರ್‌ಸಿಬಿ 163 ರನ್. ಡೆಲ್ಲಿಯ ನಾಲ್ಕು ವಿಕೆಟ್ ಬೇಗನೆ ಬಿದ್ದವು. ನಾವು ಗೆದ್ದೇಬಿಟ್ಟೆವು ಎಂದು ಓಣಿಯಲ್ಲಿ ಕುಣಿಯುತ್ತಿದ್ದೆವು. ರಾಹುಲ್ ಮಾತ್ರ ನಿಂತರು. 53 ಎಸೆತಗಳಲ್ಲಿ ಔಟಾಗದೆ 93. ಸಿಕ್ಸ್ ಹೊಡೆದು ಪಂದ್ಯ ಮುಗಿಸಿ, ಬ್ಯಾಟಿನಿಂದ ನೆಲದ ಮೇಲೊಂದು ವೃತ್ತ ಎಳೆದು, ಅದರ ನಡುವೆ ಬ್ಯಾಟನ್ನು ಊರಿ, ಎದೆ ತಟ್ಟಿಕೊಂಡರು. ಇದು ನನ್ನ ಮೈದಾನ ಎಂದು. 'ಕಾಂತಾರ' ಸಿನಿಮಾ ನೋಡಿದವರಿಗೆಲ್ಲ ಅದು ಎಲ್ಲಿಂದ ಬಂತೆಂದು ಗೊತ್ತು.

ಓಣಿ ತಣ್ಣಗಾಯಿತು. ನಮ್ಮವನು ಪಕ್ಷದವರು ಮಾತಾಡಲಿಲ್ಲ, ಸ್ಟ್ರೈಕ್ ರೇಟ್ ಪಕ್ಷದವರಂತೂ ಮೊದಲೇ ಎದ್ದು ಹೋಗಿದ್ದರು. ನನಗೆ ಆ ವೃತ್ತ ಬಿಟ್ಟು ಬೇರೇನೂ ಕಾಣಲಿಲ್ಲ. ಅಷ್ಟು ದಿನ ರಾಹುಲ್ ನಮ್ಮವನು ಎಂದು ನಾವು ಹೇಳುತ್ತಿದ್ದೆವು. ಆ ಊರು, ಆ ಮೈದಾನ ತನ್ನದು ಎಂದು ಅವರಿಗೂ ಅನ್ನಿಸಿರಬಹುದು ಎಂದು ನಾವ್ಯಾರೂ ಎಣಿಸಿರಲಿಲ್ಲ. ಬೇರೆ ತಂಡದ ಅಂಗಿ ತೊಟ್ಟುಕೊಂಡು ಅದನ್ನು ತೋರಿಸಬೇಕಾಗಿ ಬಂತು.

ಆ ಭಾನುವಾರ ರಾಣೇಬೆನ್ನೂರಿಗೆ ಹೋದೆ. ರಜೆಯಲ್ಲಿ ಗೆಳೆಯ ಮಾಮುನ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ. ನನ್ನನ್ನು ನೋಡಿ ಪಾನಾ ಕೆಳಗಿಟ್ಟ. ನಾನು ಸಲಾಂ ಹೇಳಿದೆ. ಮಾಮುವಿಗೂ ಹೇಳಿದೆ. ದಾರಿಯುದ್ದಕ್ಕೂ ಏನೇನೋ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಒಂದೂ ನೆನಪಾಗಲಿಲ್ಲ. "ಅವತ್ತ ನಾ ಮಾತಾಡಿದ್ದು ತಪ್ಪಾತು. ಇಲ್ಲೇ ಮಾಮುನ ಮುಂದ ಹೇಳಬೇಕಂತ ಬಂದೇನಿ" ಎಂದಷ್ಟೇ ಅಂದೆ.

ಮಾಮು ಹುಡುಗನೊಬ್ಬನನ್ನು ಚಹಾ ತರಲು ಕಳಿಸಿ ತಾವು ಒಳಗೆ ಹೋದರು. ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. "ಹಿಂದಿನ ರಾತ್ರಿ ಅಮ್ಮಿ ಜೋಡಿ ಕುಂತು ತೊಟ್ಟು ಬಿಡಿಸಿದ್ನಿ. ಗುಂಟೂರ ಮಾಲು. ಎರಡು ಬೆರಳು ಸೀಳಿದ್ವು. ಉರಿ ಅಂದ್ರ ಉರಿ. ಚೆಂಡು ಹಿಡಿಯಾಕ ಬರವಲ್ದಾಗಿತ್ತು."

ಬ್ಯಾಡಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರು ಹಾಗಲ್ಲ. ತೊಟ್ಟು ಬಿಡಿಸುವ ಹೆಂಗಸರು ರಾತ್ರಿ ಕೈಗೆ ಎಣ್ಣೆ ಹಚ್ಚಿಕೊಂಡು ಕೂರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಬಸ್ಸಿನಲ್ಲಿ ಜೇಬಿನೊಳಗಿದ್ದ ಆ ಎಡಗೈ ನೆನಪಾಯಿತು.

"ಹೇಳಬೇಕಿತ್ತಲ್ಲೋ" ಎಂದೆ.

"ಹೇಳಿದ್ನಲ್ಲ, ಬ್ಯಾರೇದವರಿಗೆ ಕೊಡು ಅಂತ. ಯಾಕಂತ ನೀ ಕೇಳಲಿಲ್ಲ."

ಚಹಾ ಬಂತು. ಕುಡಿಯುತ್ತಾ ಅವನೇ ಮುಂದುವರಿಸಿದ. "ಬೈದದ್ದಕ್ಕ ಬಿಟ್ಟೇನಿ ಅಂತ ತಿಳೀಬ್ಯಾಡ. ಬೈಗಳ ನಮಗೇನು ಹೊಸದಲ್ಲ. ಮಾಮುನ ಮುಂದ ಬೈದೀ ಅಲ್ಲ, ಅದು. ಆಮ್ಯಾಲ ನೀವೆಲ್ಲಾ ಕೂಡಿ ನನಗ ಬದಲಿ ಕೀಪರ್ ಕೇಳಬೇಕಂತ ಮಾತಾಡಿದ್ರೆಂತ. ನಾ ಮನ್ಯಾಗ ಇದ್ನೋ."

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. "ವಾಪಸ್ ಬಾ" ಎಂದು ಕರೆದೆ. ಅವನು ತಲೆಯಾಡಿಸಿದ. ಆ ತಂಡದಲ್ಲಿ ಅವನಿಗೆ ಒಗ್ಗಿತ್ತು. ಮಾತು ಕೊಟ್ಟಿದ್ದ. ನಾನು ಒತ್ತಾಯ ಮಾಡಲಿಲ್ಲ. ಸಂಜೆ ಬಸ್‌ಸ್ಟ್ಯಾಂಡ್‌ವರೆಗೆ ಜೊತೆಗೆ ಬಂದು ನನ್ನನ್ನು ಬಸ್ ಹತ್ತಿಸಿದ.

ಮೇ ತಿಂಗಳಿನಲ್ಲಿ ಬ್ಯಾಡಗಿಯಲ್ಲೇ ಒಂದು ಟೂರ್ನಮೆಂಟ್ ನಡೆಯಿತು. ಅವನ ತಂಡ ನಮಗೇ ಎದುರಾಯಿತು. ಎರಡನೇ ಎಸೆತಕ್ಕೇ ನನ್ನ ಸ್ಟಂಪ್ ಹಾರಿಸಿದ. ಹಾರಿಸಿ, ಚಪ್ಪಲಿ ಕಾಲಿನಿಂದ ಪಿಚ್ ಪಕ್ಕದ ಧೂಳಿನಲ್ಲಿ ಒಂದು ವೃತ್ತ ಎಳೆದು, ಎದೆ ತಟ್ಟಿಕೊಂಡು, ನನ್ನ ಮುಖ ನೋಡಿ ಜೋರಾಗಿ ನಕ್ಕ. ಎರಡೂ ತಂಡದವರು ನಕ್ಕರು. ಔಟಾಗಿ ಅಷ್ಟು ಸಂತೋಷದಿಂದ ನಾನು ಎಂದೂ ಮೈದಾನ ಬಿಟ್ಟು ಬಂದಿಲ್ಲ.

ಜೂನ್ 3ರಂದು ಆರ್‌ಸಿಬಿ ಕಪ್ ಗೆದ್ದಾಗ ಮೊದಲ ಫೋನ್ ಅವನದ್ದೇ. ಹದಿನೆಂಟು ವರ್ಷ ಕಾದ ಕಪ್ ಬಂದದ್ದು ರಾಹುಲ್ ಇಲ್ಲದೆ. ಅದನ್ನು ಎತ್ತಿದವರು ರಜತ್ ಪಾಟೀದಾರ್. 2022ರ ಹರಾಜಿನಲ್ಲಿ ಯಾರೂ ಕೊಳ್ಳದೆ ಉಳಿದು, ಗಾಯಗೊಂಡ ಒಬ್ಬರ ಬದಲಿಗೆ ಆರ್‌ಸಿಬಿಗೆ ಬಂದ ಆಟಗಾರ. ನಮ್ಮ ಬಸ್ಸಿನಲ್ಲಿ ಎರಡು ವರ್ಷ ನಡೆದ ವಾದದಲ್ಲಿ ಅವರ ಹೆಸರನ್ನು ಒಬ್ಬರೂ ಎತ್ತಿರಲಿಲ್ಲ. ಮರುದಿನ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ನಮ್ಮಂಥದ್ದೇ 11 ಅಭಿಮಾನಿಗಳು ಸತ್ತರು. ಆ ವಾರ ಬಸ್ಸಿನಲ್ಲಿ ಯಾರೂ ಕ್ರಿಕೆಟ್ ಮಾತಾಡಲಿಲ್ಲ. ಕರುಣ್ ನಾಯರ್ 2025-26ರ ಸೀಸನ್‌ಗೆ ಕರ್ನಾಟಕಕ್ಕೆ ಮರಳಿದರು. ನನ್ನ ಗೆಳೆಯ ಮರಳಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ ಎಂದು ಈಗ ನನಗೆ ಅನಿಸುತ್ತದೆ.

ನಮ್ಮ ತಂಡದಲ್ಲಿ ಈಗ ಒಂದು ನಿಯಮ ಮಾಡಿದ್ದೇವೆ. ಸೋತ ದಿನ ಮೈದಾನದಲ್ಲಿ ಆಟದ ಮಾತು ಇಲ್ಲ. ಚೆಂಡು ಬ್ಯಾಟು ಎತ್ತಿಕೊಂಡು ಸುಮ್ಮನೆ ಬರುವುದು. ಯಾರಿಗಾದರೂ ಏನಾದರೂ ಹೇಳುವುದಿದ್ದರೆ ಮರುದಿನ ಅವನ ಮನೆಗೆ ಹೋಗಿ ಹೇಳುವುದು. ಹೀಗೆ ಹೋದಾಗ ಅರ್ಧ ಸಲ ಹೇಳಬೇಕಾದ್ದು ಉಳಿದೇ ಇರುವುದಿಲ್ಲ. ಅವರ ಮನೆಯ ಬಾಗಿಲಲ್ಲಿ ಐದು ನಿಮಿಷ ನಿಂತರೆ ಕಾರಣ ತಾನಾಗಿಯೇ ಕಾಣುತ್ತದೆ.

ಇದು ನಾನು ಕಂಡುಹಿಡಿದದ್ದಲ್ಲ. ಮೇ 9ರ ಗುರುವಾರ ಯಾರ್ಡಿನಲ್ಲಿ ಹತ್ತು ಜನರ ನಡುವೆ ನನ್ನ ಹೆಗಲ ಮೇಲೆ ಕೈಯಿಟ್ಟವರಿಂದ ಕಲಿತದ್ದು. ಕಲಿಯಲು ಒಂದು ವರ್ಷ ಬೇಕಾಯಿತು, ಒಬ್ಬ ಎಡಗೈ ಬೌಲರ್ ಹೋಗಬೇಕಾಯಿತು.

ಮೊನ್ನೆ ಬಸ್ಸಿನಲ್ಲಿ ಆ ಹುಡುಗರು ಬಿಡಲಿಲ್ಲ. "ಅಣ್ಣಾ, ಸ್ಯಾಮ್ಸನ್ ವಿಷಯ ಹೇಳ್ಲೇ ಇಲ್ಲ ನೀ" ಎಂದು ಮತ್ತೆ ಕೇಳಿದರು. ಮುಂದಿನ ಸೀಟಿನಲ್ಲಿ ಅದೇ ವಿಜ್ಞಾನ ವಿಭಾಗದ ಹುಡುಗಿ ನೋಟ್ಸ್ ಓದುತ್ತಿದ್ದಳು. "ಯಾರಿಗೆ ಲಾಭ ಆತೋ ಗೊತ್ತಿಲ್ಲೋ. ಅಂವ ಯಾಕ ಹೋಗಬೇಕಂದ ಅಂತ ಮೊದಲ ತಿಳ್ಕೋರಿ" ಎಂದೆ. ಅವಳು ಓದುತ್ತಿದ್ದ ಹಾಳೆಯಿಂದ ತಲೆ ಎತ್ತಲಿಲ್ಲ. ಆದರೆ ನಕ್ಕದ್ದು ಕಂಡಿತು.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿ